ಕತ್ತಿನ ಹಿಂದಿನ ಒದ್ದೆ

ನನ್ನ ಭಾವ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಸಂಭ್ರಮ ನೋಡಿದವರು ಅವರನ್ನು ಏನಿಲ್ಲವೆಂದರೂ ಯಾವುದೋ ಕಚೇರಿಯ ದೊಡ್ಡ ಸಾಹೇಬರು ಅಂದುಕೊಳ್ಳಬೇಕು. ಬಿಳಿ ಅಂಗಿ, ಗೆರೆ ಮುರಿಯದ ಪ್ಯಾಂಟು, ಕತ್ತಿಗೆ ನೀಲಿ ಟೈ. ಕಾಲಿಗೆ ಮಾತ್ರ ರಬ್ಬರ್ ಬೂಟು. ಪಾಲಿಶ್ ಮಾಡಿದ ಶೂಗಳು ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಕೈಬ್ಯಾಗಿನೊಳಗೆ. ಎಲ್ಲದರ ಮೇಲೆ ಮೊಣಕಾಲು ದಾಟುವ ರೈನ್‌ಕೋಟು. ಅಕ್ಕ ಬಾಗಿಲಲ್ಲಿ ನಿಂತು, ಪ್ಯಾಂಟಿನ ಅಂಚನ್ನು ಬೂಟಿನೊಳಗೆ ಸರಿಯಾಗಿ ತುರುಕಿದ್ದಾರೋ ಇಲ್ಲವೋ ಎಂದು ನೋಡಿ, ಆಮೇಲೆ ಒಳಗೆ ಹೋಗುತ್ತಿದ್ದಳು.

ನಮ್ಮೂರಿನಲ್ಲಿ ಹೀಗೆ ಉಡುಪು ಹಾಕಿಕೊಂಡು ಹೊರಡುವುದು ಸಣ್ಣ ಸಾಹಸವಲ್ಲ. ವರ್ಷದ ಮುಕ್ಕಾಲು ಪಾಲು ಇಲ್ಲಿ ತುಂತುರು. ಜೋರಾಗಿ ಸುರಿದು ನಿಲ್ಲುವ ಮರ್ಯಾದೆಯೂ ಇಲ್ಲದ ಮಳೆ. ಸುಮ್ಮನೆ ಜಿನುಗುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದವರು ಯಾವ ಬಟ್ಟೆ ಚೆನ್ನಾಗಿದೆ ಎಂದು ನೋಡುವುದಿಲ್ಲ, ಯಾವುದು ಒಣಗಿದೆ ಎಂದು ಮುಟ್ಟಿ ನೋಡುತ್ತಾರೆ. ಒಲೆಯ ಮೇಲೆ ಹಗ್ಗ ಕಟ್ಟಿ ಕಾಲುಚೀಲ ನೇತುಹಾಕದ ಮನೆ ಇಲ್ಲ. ಕೆಸರು ಸಿಡಿದರೆ ಕಾಣಬಾರದೆಂದು ಊರಿಗೆ ಊರೇ ಕಂದು, ಕಪ್ಪು, ಬೂದು ಬಣ್ಣದಲ್ಲಿ ಓಡಾಡುತ್ತದೆ. ಛತ್ರಿಯನ್ನು ನಂಬುವವರು ಕಡಿಮೆ, ಮೂಲೆ ತಿರುಗುತ್ತಲೇ ಗಾಳಿ ಅದನ್ನು ಉಲ್ಟಾ ಮಾಡಿಬಿಡುತ್ತದೆ. ಹಾಗಾಗಿ ನಾವೆಲ್ಲ ನಂಬಿರುವುದು ಟೋಪಿಯನ್ನೂ ಸೇರಿಸಿ ಹೊಲಿದ ರೈನ್‌ಕೋಟನ್ನು. ಅದನ್ನು ತಯಾರಿಸುವ ಕಾರ್ಖಾನೆ ಊರಿನ ಅಂಚಿನಲ್ಲೇ ಇದೆ. ನಾನೂ ಭಾವನೂ ಅಲ್ಲೇ ಕೆಲಸಕ್ಕಿದ್ದೆವು. ನಾನು ಪ್ಯಾಕಿಂಗ್‌ನಲ್ಲಿ, ಭಾವ ಪರೀಕ್ಷಾ ವಿಭಾಗದಲ್ಲಿ.

"ನಮ್ಮನೆಯವರು ಪರೀಕ್ಷಾ ವಿಭಾಗಕ್ಕೇ ಮುಖ್ಯಸ್ಥರು" ಎಂದು ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವಿಭಾಗದಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ, ಅಷ್ಟೇ.

ಭಾವನ ಕೆಲಸ ನೆನೆಯುವುದು. ಕಾರ್ಖಾನೆಯ ಹಿಂಭಾಗದಲ್ಲಿ ಒಂದು ಗಾಜಿನ ಕೋಣೆ ಇದೆ, ಎಲ್ಲರೂ ಅದನ್ನು ಮಳೆ ಕೋಣೆ ಅನ್ನುತ್ತೇವೆ. ಅದರ ಚಾವಣಿಯ ತುಂಬ ನೀರಿನ ತೂತುಗಳು. ಹೊಸ ಕೋಟುಗಳ ಒಂದೊಂದು ಕಂತು ಹೊಲಿದು ಮುಗಿದಾಗಲೂ ಅದರಲ್ಲೊಂದನ್ನು ಭಾವ ತೊಟ್ಟುಕೊಂಡು ಆ ನೀರಿನ ಕೆಳಗೆ ನಿಲ್ಲಬೇಕು. ಕೋಟಿನೊಳಗೆ ತೆಳ್ಳನೆಯ ಬೂದು ಹತ್ತಿ ಅಂಗಿ. ಒಂದು ಹನಿ ಬಿದ್ದರೂ ಆ ಬಟ್ಟೆ ಅಲ್ಲಿ ಕಪ್ಪಾಗುತ್ತದೆ. ನೀರು ನಿಂತ ಮೇಲೆ ಗಾಜಿನ ಹೊರಗಿದ್ದವರ ಎದುರಿಗೇ ಕೋಟು ಬಿಚ್ಚಿ, ಸುತ್ತ ತಿರುಗಿ, ಅಂಗಿ ತೋರಿಸಬೇಕು. ಕಪ್ಪು ಕಾಣದಿದ್ದರೆ ಆ ಕಂತಿನ ಕೋಟುಗಳಿಗೆ ಹಸಿರು ಮುದ್ರೆ.

ಸುಮ್ಮನೆ ನಿಂತರೆ ಸಾಲದು ಎಂದು ಕಂಡುಕೊಂಡವರೂ ಭಾವನೇ. ಜನ ಮಳೆಯಲ್ಲಿ ಕಂಬದ ಹಾಗೆ ನಿಲ್ಲುತ್ತಾರೇನು? ಅದಕ್ಕೇ ಅವರು ನೀರಿನ ಕೆಳಗೆ ಬಸ್ಸಿನ ಕಂಬಿ ಹಿಡಿದವರ ಹಾಗೆ ಕೈ ಎತ್ತುತ್ತಿದ್ದರು. ಬಗ್ಗಿ ಇಲ್ಲದ ಲೇಸು ಕಟ್ಟುತ್ತಿದ್ದರು. ಜೇಬಿನಲ್ಲಿ ಬೀಗದ ಕೈ ಹುಡುಕುತ್ತಿದ್ದರು. ಕುಕ್ಕರಗಾಲಲ್ಲಿ ಕೂತು, ಅಳುವ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದವರು ಬಿದ್ದು ಬಿದ್ದು ನಗಬೇಕು. ಹೊಲಿಗೆಯ ಹೆಂಗಸರು ಅವರಿಗೆ ಮಳೆರಾಯ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು ಕೂಡ.

ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನವೇ ಭಾವ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿದ್ದರು.

"ನಿಮ್ಮಕ್ಕನ ಕಿವಿಗೆ ಬಿತ್ತೋ, ನೋಡು ಮತ್ತೆ!"

"ಇದರಲ್ಲಿ ನಾಚ್ಕೊಳ್ಳೋದೇನಿದೆ ಭಾವ? ಕಳ್ಳತನ ಮಾಡ್ತಿದ್ದೀರಾ?"

"ನೀನು ಕೈಯಲ್ಲಿ ಕೆಲಸ ಮಾಡ್ತೀಯ. ನಾನು ನೆನೆಯೋಕೆ ಸಂಬಳ ತಗೋತೀನಿ. ನೆನೆಯೋ ಕೆಲಸ ಎಮ್ಮೆನೂ ಮಾಡುತ್ತೆ ಕಣೋ."

ಗುಟ್ಟು ಅಷ್ಟು ವರ್ಷ ಉಳಿಯಲು ಕಾರಣ ನಮ್ಮೂರಿನ ಮಳೆಯೇ. ಒದ್ದೆ ಕೂದಲಿನಲ್ಲಿ ಮನೆಗೆ ಬಂದ ಗಂಡಸನ್ನು ಇಲ್ಲಿ ಯಾರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. ಅಪ್ಪಿತಪ್ಪಿ ಬಿಸಿಲು ಬಂದ ದಿನ ಮಾತ್ರ ಭಾವನಿಗೆ ಪೀಕಲಾಟ. ಅಂದು ಬಾಯ್ಲರ್ ಪಕ್ಕ ಕೂತು, ತಲೆ ಪೂರ್ತಿ ಒಣಗಿಸಿಕೊಂಡು, ಬಿಳಿ ಅಂಗಿ ತೊಟ್ಟು, ಟೈ ಬಿಗಿದು ಮನೆಗೆ ಹೊರಡುತ್ತಿದ್ದರು. "ನಿನ್ನ ಭಾವನ ಆಫೀಸಲ್ಲಿ ಅದೇನು ಥಂಡಿನೋ, ಯಾವಾಗ ನೋಡಿದ್ರೂ ಮೂಗು ಸೋರುತ್ತೆ" ಎಂದು ಅಕ್ಕ ನನ್ನ ಹತ್ತಿರ ಅಂದಾಗ ನಾನು ಹೂಂ ಅಂದು ಎದ್ದು ಹೋಗುತ್ತಿದ್ದೆ.

ಅಕ್ಕನಿಗೆ ಒಬ್ಬಳೇ ಮಗಳು. ಎಲ್ಲರ ಬಾಯಲ್ಲೂ ಗುಬ್ಬಿ. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್. ಅವಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗನ ತಂದೆ ಊರಿನ ದೊಡ್ಡ ಬಟ್ಟೆ ಅಂಗಡಿಯ ಯಜಮಾನರು. ಮಾತುಕತೆಯ ದಿನ ಅವರು ಭಾವನನ್ನು ಬಾಯಿತುಂಬ ಹೊಗಳಿದರು. "ನಿಮ್ಮ ಕಾರ್ಖಾನೆ ಮಾಲು ಅಂದ್ರೆ ನಾವು ಕಣ್ಮುಚ್ಚಿ ತಗೋತೀವಿ. ಅದಕ್ಕೆಲ್ಲ ನೀವೇ ಕಾರಣ ಅನ್ನಿ!" ಭಾವ ಟೈ ಸರಿ ಮಾಡಿಕೊಂಡರು. ಟೀಪಾಯಿಯ ಮೇಲೆ ತಿಂಡಿ ತಟ್ಟೆ ಇಡುತ್ತಿದ್ದ ಅಕ್ಕನ ಮುಖ ಊರಗಲವಾಯಿತು.

ಅದಾದ ಕೆಲವೇ ದಿನಕ್ಕೆ ಮ್ಯಾನೇಜರರು ಊರಿನ ಅಂಗಡಿಯವರನ್ನೆಲ್ಲ ಕಾರ್ಖಾನೆ ನೋಡಲು ಕರೆಸಿದರು. ಹೊಸ ಕೋಟಿನ ಮೊದಲ ಕಂತು ತಯಾರಾಗಿತ್ತು. ಯಾರು ಯಾರು ಬರುತ್ತಾರೆಂದು ನಮಗೆ ಹೇಳಿದವರಿಲ್ಲ. ನಾನು ಪೆಟ್ಟಿಗೆ ಹೊತ್ತುಕೊಂಡು ಮಳೆ ಕೋಣೆಯ ಪಕ್ಕ ಹಾಯುತ್ತಿದ್ದಾಗ ಗಾಜಿನ ಮುಂದೆ ಗುಂಪು ನಿಂತಿತ್ತು. ಗುಂಪಿನ ನಡುವೆ ಬೀಗರಾಗುವವರು! ಒಳಗೆ ಭಾವ, ಆಗಲೇ ಕೋಟು ತೊಟ್ಟು, ನೀರಿನ ಕೆಳಗೆ. ಭಾವನೂ ಆ ಕ್ಷಣಕ್ಕೇ ಬೀಗರನ್ನು ನೋಡಿರಬೇಕು. ಟೋಪಿಯ ದಾರ ಹಿಡಿದು ಎಳೆದರು ನೋಡಿ, ಮೂಗು ಸಹ ಕಾಣದ ಹಾಗೆ ಮುಖ ಒಳಗೆ ಹೋಯಿತು.

ಮ್ಯಾನೇಜರರು ಗಾಜು ತಟ್ಟಿ, "ಹೂಂ, ಮಾಡಿ ತೋರಿಸಿ" ಅಂದರು. ಭಾವ ಕೈ ಎತ್ತಿದರು. ಬೀಗದ ಕೈ ಹುಡುಕಿದರು. ಬಗ್ಗಿ ಲೇಸು ಕಟ್ಟಿದರು. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಬೀಗರೇ.

"ಇದಕ್ಕೂ ಒಬ್ಬನಿಗೆ ಸಂಬಳ ಕೊಡ್ತೀರಾ? ಕೋಟನ್ನ ಒಂದು ಗೂಟಕ್ಕೆ ನೇತಾಕಿದ್ರೆ ಸಾಲ್ದಾ?"

ಗಾಜು ದಪ್ಪವಿದ್ದರೂ ಆ ಮಾತು ಒಳಗೆ ಕೇಳಿಸಿತ್ತು ಎಂದು ಭಾವ ಆಮೇಲೆ ನನಗೆ ಹೇಳಿದರು. ಇನ್ನೊಂದನ್ನೂ ಹೇಳಿದರು, ಅದು ಇನ್ನೂ ಆಮೇಲೆ. ಲೇಸು ಕಟ್ಟಲು ಬಗ್ಗಿದಾಗ ಕತ್ತಿನ ಹಿಂದೆ ಚುಳ್ ಎಂದು ಒಂದು ಗೆರೆ ತಣ್ಣಗೆ ಇಳಿಯಿತಂತೆ. ಟೋಪಿಯೂ ಕಾಲರೂ ಕೂಡುವ ಹೊಲಿಗೆಯ ಒಳಗೆ ಅಂಟಿಸುವ ಪಟ್ಟಿ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಭಾವನಿಗೆ ಅದು ಕ್ಷಣದಲ್ಲಿ ಗೊತ್ತಾಯಿತು. ಕೈ ಅಡ್ಡ ಆಡಿಸಿ ನೀರು ನಿಲ್ಲಿಸಬೇಕು, ಕೋಟು ಬಿಚ್ಚಬೇಕು, ಬೆನ್ನು ತೋರಿಸಬೇಕು. ಕೋಟು ಬಿಚ್ಚಿದರೆ ಮುಖ ಕಾಣುತ್ತದೆ.

"ಹೇಗಿದೆ?" ಎಂದು ಮ್ಯಾನೇಜರರು ಹೊರಗಿನಿಂದ ಕೂಗಿದರು.

ಭಾವ ಟೋಪಿ ಸರಿಸದೆಯೇ ಹೆಬ್ಬೆರಳು ಎತ್ತಿ ತೋರಿಸಿ ಹಿಂಬಾಗಿಲಿನಿಂದ ಹೊರಟುಹೋದರು. ಅತಿಥಿಗಳಿಗೆ ಊಟದ ಹೊತ್ತಾಗಿತ್ತು, ಮ್ಯಾನೇಜರರೂ ಒತ್ತಾಯ ಮಾಡಲಿಲ್ಲ. ಸಂಜೆಯೊಳಗೆ ಆ ಕಂತಿಗೆಲ್ಲ ಹಸಿರು ಮುದ್ರೆ ಬಿತ್ತು. ಅವನ್ನು ಮಡಚಿ ಪೆಟ್ಟಿಗೆಗೆ ತುಂಬಿದವನು ನಾನು. ಅಷ್ಟನ್ನೂ ಕೊಂಡವರು ಬೀಗರು.

ತಾವೇ ದಾರ ಜಾಸ್ತಿ ಎಳೆದಿದ್ದರಿಂದ ನೀರು ಬಂದಿರಬೇಕು, ಸರಿಯಾಗಿ ತೊಟ್ಟವರಿಗೆ ಏನೂ ಆಗಲಿಕ್ಕಿಲ್ಲ ಎಂದು ಭಾವ ತಮಗೆ ತಾವೇ ಸಮಾಧಾನ ಹೇಳಿಕೊಂಡರಂತೆ. ಆ ಸಮಾಧಾನ ಮಾರಾಟ ಶುರುವಾಗುವವರೆಗೆ ಮಾತ್ರ ಉಳಿಯಿತು. ಕಡು ಹಸಿರು ಬಣ್ಣದ ಆ ಕೋಟುಗಳು ನೋಡಲು ಚೆನ್ನಾಗಿದ್ದವು, ಊರೆಲ್ಲ ಕೊಂಡಿತು. ಬೆಳಗಿನ ಬಸ್ಸಿನಲ್ಲಿ ಜನ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಕೂತರೆ, ಹಿಂದಿನ ಸೀಟಿನಲ್ಲಿದ್ದ ಭಾವನಿಗೆ ಕಾಣುವುದು ಬರೀ ಕತ್ತುಗಳು. ಗುಮಾಸ್ತರ ಕತ್ತಿನಲ್ಲಿ ಒದ್ದೆ, ನರ್ಸಮ್ಮನ ಕತ್ತಿನಲ್ಲಿ ಒದ್ದೆ, ಕಾಲೇಜಿನ ಹುಡುಗರ ಕತ್ತಿನಲ್ಲಿ ಒದ್ದೆ. ಅಂಗಿಯ ಮೇಲೆ ಅಂಗೈಯಷ್ಟಗಲದ ಕಪ್ಪು.

ಯಾರಾದರೂ ಜಗಳಕ್ಕೆ ಹೋಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಯಾರೂ ಹೋಗಲಿಲ್ಲ. ನಮ್ಮೂರಿನಲ್ಲಿ ನೆನೆದವನು ತನ್ನನ್ನೇ ಬೈದುಕೊಳ್ಳುತ್ತಾನೆ. ದಾರ ಸರಿಯಾಗಿ ಕಟ್ಟಲಿಲ್ಲ, ಓಡಿಬಂದೆ, ತಲೆ ಬಗ್ಗಿಸಿದೆ ಎಂದು. ಒಬ್ಬ ತಾಯಿ ಬಸ್ಸಿನಲ್ಲೇ ಮಗನ ಕತ್ತಿಗೆ ಕರವಸ್ತ್ರ ತುರುಕುತ್ತ, "ದನದ ಹಾಗೆ ನೆನೆದು ಬಂದಿದ್ದೀಯ, ಮೈಮೇಲೆ ಜ್ಞಾನ ಇದೆಯೇನೋ ನಿನಗೆ?" ಎಂದು ತಲೆಗೆ ಮೊಟಕಿದಳು. ಭಾವ ಮುಂದಿನ ನಿಲ್ದಾಣದಲ್ಲೇ ಇಳಿದು ಕಾರ್ಖಾನೆಯವರೆಗೆ ನಡೆದುಕೊಂಡು ಬಂದರು. ಪ್ಯಾಂಟಿನ ಗೆರೆ ಹಾಳಾಗಿತ್ತು. ನನ್ನ ಮುಂದೆ ಎಲ್ಲವನ್ನೂ ಕಕ್ಕಿದ್ದು ಅಂದೇ.

"ಹೋಗಿ ಮ್ಯಾನೇಜರ್‌ಗೆ ಹೇಳಿ ಭಾವ. ಇವತ್ತೇ ಹೇಳಿ."

"ಹೇಳ್ತೀನಿ. ಮದುವೆ ಒಂದು ಮುಗೀಲಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅಕ್ಕನ ಗಂಡ. ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋಗಲು ಬರುತ್ತದೆಯೇ?

ಬೀಗರು ಅದೇ ಕೋಟನ್ನು ತಮ್ಮ ಭಾವೀ ಸೊಸೆಗೂ ಉಡುಗೊರೆ ಕೊಟ್ಟಿದ್ದರು. ಗುಬ್ಬಿ ಅದನ್ನು ಬಿಟ್ಟು ಬೇರೆ ಕೋಟು ಮುಟ್ಟುತ್ತಿರಲಿಲ್ಲ. ದಿನಾ ಸಂಜೆ ಬಂದು ಬಾಗಿಲ ಹಿಂದೆ ಕೋಟು ನೇತುಹಾಕಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ, "ನನ್ನ ಮಕ್ಕಳು ಇವತ್ತು ಏನಂದ್ರು ಗೊತ್ತಾ? ಟೀಚರ್, ನಿಮ್ಮ ಕತ್ತು ಅಳ್ತಾ ಇದೆ ಅಂದ್ರು" ಎಂದು ನಗುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ಭಾವ ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿಯುತ್ತಿದ್ದರು.

ಒಂದು ಭಾನುವಾರ ಬೀಗರ ಮನೆಯಿಂದ ಹುಡುಗನ ತಾಯಿ ಬಂದರು. ನಾನೂ ಅಲ್ಲೇ ಇದ್ದೆ. ಗುಬ್ಬಿ ಅಂಗಡಿಗೆ ಹೋಗಿ ಬಿಸ್ಕತ್ತು ತಂದಳು, ಎರಡು ನಿಮಿಷದ ದಾರಿ. ಕೋಟು ಬಿಚ್ಚಿ, ತಟ್ಟೆ ಇಡಲು ಬಗ್ಗಿದಳು. ಆಯಮ್ಮ ಕೈ ಚಾಚಿ ಅವಳ ಕಾಲರ್ ಮುಟ್ಟಿ ನೋಡಿದರು. ಕೆಟ್ಟ ಹೆಂಗಸಲ್ಲ, ದನಿಯೂ ಮೆತ್ತಗೇ ಇತ್ತು.

"ಇದೇನಮ್ಮ, ಹೋದ ಸಲ ನೋಡಿದಾಗಲೂ ಹೀಗೇ ಒದ್ದೆ. ಒಂದು ಕೋಟು ನೆಟ್ಟಗೆ ಹಾಕ್ಕೊಳ್ಳೋಕೆ ಬರಲ್ವಾ? ನಾಳೆ ನಮ್ಮನೇಲಿ ಮಗು ಮರಿ ಅಂತ ಆದ್ಮೇಲೆ ಅವನ್ನೂ ಹೀಗೇ ನೆನೆಸ್ಕೊಂಡು ಬರ್ತೀಯೇನು?"

ಗುಬ್ಬಿಯ ಮುಖ ಕೆಂಪಾಯಿತು. ಅವಳು ಅಪ್ಪನ ಕಡೆ ನೋಡಿದಳು. ಚಿಕ್ಕಂದಿನಿಂದ ಯಾರು ಏನಂದರೂ ಅವಳು ಮೊದಲು ಅಪ್ಪನ ಕಡೆಯೇ ನೋಡುವುದು. ಈಗಲಾದರೂ ಬಾಯಿಬಿಡುತ್ತಾರೆ ಎಂದು ನಾನೂ ಅತ್ತಲೇ ನೋಡಿದೆ.

ಭಾವ ಟೀ ಕಪ್ಪನ್ನು ತಟ್ಟೆಯ ಮೇಲಿಟ್ಟು, "ಅವಳು ಮೊದಲಿಂದಲೂ ಹಾಗೇನೇ. ಎಷ್ಟು ಹೇಳಿದ್ರೂ ಕಿವಿ ಮೇಲೆ ಹಾಕ್ಕೊಳ್ಳಲ್ಲ" ಅಂದರು. ಅಂದು ಹಲ್ಲು ಕಿರಿದರು.

ಗುಬ್ಬಿ ಒಳಗೆ ಹೋದಳು. ಆಯಮ್ಮ ಹೊರಡುವವರೆಗೂ ಬರಲಿಲ್ಲ. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಎದ್ದುಬಂದೆ. ಇನ್ನೊಂದು ನಿಮಿಷ ಅಲ್ಲಿ ಇದ್ದಿದ್ದರೆ ನಾನು ಆಡಬಾರದ್ದು ಆಡುತ್ತಿದ್ದೆ. ಭಾವ ಗೇಟಿನವರೆಗೆ ನನ್ನ ಹಿಂದೆಯೇ ಬಂದರು. ತಲೆಯ ಮೇಲೆ ಏನೂ ಇರಲಿಲ್ಲ, ತುಂತುರು ಬೀಳುತ್ತಿತ್ತು.

"ಬಾಯಿಗೆ ಬಂದುಬಿಡ್ತು ಕಣೋ" ಅಂದರು.

"ಬಂದಿದ್ದು ಚೆನ್ನಾಗೇ ಬಂತು ಬಿಡಿ" ಅಂದು ನಾನು ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಅಕ್ಕನ ಫೋನು. "ಬೇಗ ಬಾರೋ, ನಿನ್ನ ಭಾವನಿಗೆ ಏನೋ ಆಗಿದೆ." ಓಡಿದೆ. ಭಾವ ನಡುಮನೆಯಲ್ಲಿ ನಿಂತಿದ್ದರು, ಆ ಬೂದು ಅಂಗಿ ತೊಟ್ಟು. ಕಾರ್ಖಾನೆಯ ಗೂಟದಿಂದ ಆಚೆ ಎಂದೂ ಬಾರದ ಅಂಗಿ. ರಾತ್ರಿಪಾಳಿಯ ಕಾವಲುಗಾರನನ್ನು ಎಬ್ಬಿಸಿ ತಂದಿದ್ದರಂತೆ. ಟೈ ಇಲ್ಲ, ಶೂ ಚೀಲ ಇಲ್ಲ.

"ಇದೇನ್ರೀ ವೇಷ?" ಎಂದು ಅಕ್ಕ ಕೇಳಿದಳು.

"ಇದೇ ನನ್ನ ಕೆಲಸದ ಬಟ್ಟೆ ಕಣೇ" ಅಂದರು. ಬಾಗಿಲ ಹಿಂದಿನಿಂದ ಗುಬ್ಬಿಯ ಹಸಿರು ಕೋಟು ತೆಗೆದುಕೊಂಡು, ನನ್ನ ಕಡೆ ತಿರುಗಿ, "ಬಾ" ಅಂದರು. ಹೆಂಡತಿಯನ್ನಾಗಲಿ ಮಗಳನ್ನಾಗಲಿ ಕರೆಯಲಿಲ್ಲ. ಅವರಿಬ್ಬರೂ ಏನೂ ತಿಳಿಯದೆ ಹಿಂದೆಯೇ ಬಂದರು.

ಬೀಗರ ಅಂಗಡಿಯ ಮುಂದೆ ಚಾವಣಿಯ ನೀರೆಲ್ಲ ಇಳಿಯುವ ಒಂದು ಕೊಳವೆ ಇದೆ. ಯಾವಾಗಲೋ ಒಡೆದು, ನೀರು ಧಾರೆಯಾಗಿ ಮೆಟ್ಟಿಲ ಪಕ್ಕ ಬೀಳುತ್ತದೆ. ಅಂಗಡಿ ಆಗತಾನೇ ತೆರೆದಿತ್ತು. ಯಜಮಾನರು ಗಲ್ಲಾದ ಹತ್ತಿರ ನಿಂತು, "ಓಹೋ, ಬೀಗರು! ಬನ್ನಿ ಬನ್ನಿ" ಅಂದರು. ಭಾವ ಒಳಗೆ ಹೋಗಲಿಲ್ಲ. ಮಗಳ ಕೋಟು ಅವರಿಗೆ ಬಿಗಿ, ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ ನಿಂತಿತು. ಟೋಪಿ ಏರಿಸಿದರು, ಮುಖ ಪೂರ್ತಿ ಕಾಣುವ ಹಾಗೆ ದಾರ ಕಟ್ಟಿದರು, ಹೋಗಿ ಆ ಧಾರೆಯ ಕೆಳಗೆ ನಿಂತರು. ಕೈ ಎತ್ತಿ ಇಲ್ಲದ ಕಂಬಿ ಹಿಡಿದರು. ಜೇಬಿನಲ್ಲಿ ಬೀಗದ ಕೈ ಹುಡುಕಿದರು. ದಾರಿಹೋಕರು ನಿಂತು ನೋಡತೊಡಗಿದರು. ಅಂಗಡಿಯ ಹುಡುಗಿಯರು ಕಿಸಿಕಿಸಿ ನಕ್ಕರು. ಭಾವ ಬಗ್ಗಿ ಲೇಸು ಕಟ್ಟಿದರು. ಯಜಮಾನರ ಮುಖದ ಮೇಲಿನ ನಗು ಅಷ್ಟು ಹೊತ್ತಿಗೆ ಇಳಿದುಹೋಗಿತ್ತು.

ಭಾವ ಮೆಟ್ಟಿಲು ಹತ್ತಿ ಒಳಗೆ ಬಂದು, ಕೋಟು ಬಿಚ್ಚಿ, ಎಲ್ಲರಿಗೂ ಬೆನ್ನು ಮಾಡಿ ನಿಂತರು. ಬೂದು ಅಂಗಿಯ ಮೇಲೆ, ಕತ್ತಿನಿಂದ ಬೆನ್ನಿನ ನಡುವಿನವರೆಗೆ ಕಪ್ಪು.

"ನೋಡಿ. ಎಷ್ಟು ಸರಿಯಾಗಿ ತೊಟ್ಟರೂ ಸೋರುತ್ತೆ. ಈ ಕಂತಿಂದು ಎಲ್ಲವೂ ಹೀಗೇ. ನನ್ನ ಮಗಳಿಗೆ ಕೋಟು ಹಾಕ್ಕೊಳ್ಳೋಕೆ ಚೆನ್ನಾಗಿ ಬರುತ್ತೆ. ನಿಮ್ಮ ಮನೆಯವರಿಗೆ ದಯವಿಟ್ಟು ಹೇಳಿ."

"ಅವತ್ತು ಆ ಗಾಜಿನ ಕೋಣೇಲಿ ಇದ್ದಿದ್ದು..."

"ನಾನೇ. ಆಗಲೇ ಸೋರಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ."

"ಯಾಕೆ?"

"ಹೊರಗೆ ನೀವಿದ್ರಿ."

ಯಜಮಾನರಿಗೆ ತಾವು ಅಂದು ಆಡಿದ ಮಾತು ನೆನಪಾಗಿರಬೇಕು. ಗಲ್ಲಾದ ಮೇಲಿದ್ದ ಕತ್ತರಿಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು, ಮತ್ತೆ ಆ ಕಡೆಗೆ ಇಟ್ಟರು. ಆಮೇಲೆ ತಾವೇ ಹೋಗಿ ಒಂದು ಹೊಸ ಟವೆಲ್ ಬಿಚ್ಚಿ ತಂದು, ಭಾವನ ಮುಖ ನೋಡದೆ ಕೈಗೆ ಕೊಟ್ಟರು. ಸಂಬಂಧ ಮುರಿಯಲಿಲ್ಲ, ಕೋಟುಗಳೆಲ್ಲ ವಾಪಸು ಬಂದು ಹೊಸ ಪಟ್ಟಿ ಹಾಕಿಸಿಕೊಂಡವು. ಮ್ಯಾನೇಜರರು ಎಲ್ಲರ ಮುಂದೆ ಭಾವನ ನೀರಿಳಿಸಿದರು. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಆ ಜಾಗಕ್ಕೆ ಬೇರೆ ಯಾರು ಬರುತ್ತಾರೆ?

ಅಕ್ಕ ಮನೆಗೆ ಬಂದವಳೇ ಇಸ್ತ್ರಿಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು. "ಇಷ್ಟು ವರ್ಷ ನಾನು ಗೆರೆ ಕೂರಿಸಿ ಕಳಿಸಿದ್ದು ಕಾರ್ಖಾನೆ ಗೇಟಿನವರೆಗೆ ಹೋಗೋಕಾ?" ಅಂದಳು. ಅವಳಿಗೆ ಕೋಪವೋ ಅಳುವೋ ನನಗೆ ಗೊತ್ತಾಗಲಿಲ್ಲ. ಭಾವ ಮಗಳ ಕಡೆ ತಿರುಗಿದರು.

"ನಿನಗೆ ನಾಚಿಕೆ ಆಯ್ತು ಅಲ್ವೇನೇ? ಜನರೆಲ್ಲ ನಗ್ತಾ ಇದ್ರು."

"ನೀನು ನೆನೆದಿದ್ದಕ್ಕಾ? ಅದಕ್ಕೆ ನನಗ್ಯಾಕಪ್ಪ ನಾಚಿಕೆ?" ಎಂದಳು ಗುಬ್ಬಿ. "ದಿನಾ ಇಲ್ಲೇ ನಿಂತು ಕತ್ತು ಒರೆಸ್ಕೊಳ್ತಿದ್ದೆ. ನೀನು ಇಲ್ಲೇ ಕೂತಿದ್ದೆ. ಆಮೇಲೆ ಅವರ ಮುಂದೆ, ಅವಳು ಮೊದಲಿಂದಲೂ ಹಾಗೇ ಅಂದ್ಯಲ್ಲ. ನನಗೆ ನಾಚಿಕೆ ಆಗಿದ್ದು ಆಗ."

ಭಾವ ಅಂಗಡಿಯಿಂದ ತಂದ ಟವೆಲನ್ನು ಮಡಚಿ ಬಾಗಿಲ ಹಿಂದೆ ನೇತುಹಾಕಿದರು.

ಊರಿನವರೆಲ್ಲ ಕೋಟು ರಿಪೇರಿಗೆ ಕೊಟ್ಟರು, ಗುಬ್ಬಿ ಕೊಡಲಿಲ್ಲ. ಮದುವೆಗೆ ಇನ್ನೂ ಸ್ವಲ್ಪ ದಿನವಿದೆ. ಮೊನ್ನೆ ಸಂಜೆ ನಾನು ಹೋದಾಗ ಅವಳು ಶಾಲೆಯಿಂದ ಬಂದು, ಕೋಟನ್ನು ಬಾಗಿಲ ಹಿಂದೆ ಹಾಕಿ, ಟವೆಲನ್ನು ಅಪ್ಪನ ತೊಡೆಯ ಮೇಲಿಟ್ಟು, ಅವರಿಗೆ ಬೆನ್ನು ಮಾಡಿ ಬೆತ್ತದ ಮೋಡಾದ ಮೇಲೆ ಕೂತಳು. ದಿನಾ ಹೀಗೇ ಅಂತೆ. ಭಾವ ಅವಳ ಜಡೆಯನ್ನು ಪಕ್ಕಕ್ಕೆ ಸರಿಸಿ ಕತ್ತು ಒರೆಸತೊಡಗಿದರು.

"ಕೊಡೇ ಆ ಕೋಟು. ಪಟ್ಟಿ ಹಾಕಿಸ್ಕೊಂಡು ಬರ್ತೀನಿ."

"ಬೇಡ. ನಾನು ಹೋಗೋವರೆಗೂ ನೀನೇ ಒರೆಸು."

ಅದು ಶಿಕ್ಷೆಯೋ ಪ್ರೀತಿಯೋ, ಎರಡರಲ್ಲಿ ಯಾವುದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಭಾವ ಒರೆಸಿದರು. ಒದ್ದೆಯೆಲ್ಲ ಹೋದ ಮೇಲೂ ತಲೆ ಎತ್ತದೆ ಒರೆಸುತ್ತಲೇ ಇದ್ದರು.